ಮಂಗಳವಾರದ ಹಾಡು

ಆ ಮನೆಯಲ್ಲಿ ವಾರದ ಪಾತ್ರೆ ಯಾರು ತೊಳೆಯಬೇಕೆಂಬುದನ್ನು ತೀರ್ಮಾನಿಸುತ್ತಿದ್ದದ್ದು ಹಾಡು.

ಭಾನುವಾರ ಸಂಜೆ ಊರಿನ ಪುಟ್ಟ ರೇಡಿಯೋ ಕೇಂದ್ರದಿಂದ ‘ಯಾರೂ ಕೇಳದ ಹಾಡು’ ಎಂಬ ಕಾರ್ಯಕ್ರಮ ಬರುತ್ತಿತ್ತು. ಸಿನಿಮಾದವರಲ್ಲದ, ಕಂಪನಿಯವರಲ್ಲದ, ತಮ್ಮ ಪಾಡಿಗೆ ತಾವು ಹಾಡಿ ಇಂಟರ್‌ನೆಟ್ಟಿಗೆ ಹಾಕಿ ಸುಮ್ಮನಾದವರ ಹಾಡುಗಳನ್ನು ಹೆಕ್ಕಿ ತಂದು ಕೇಳಿಸುವ ಕಾರ್ಯಕ್ರಮ. “ಯಾರೂ ಕೇಳದ್ದು ಅಂದ್ರೆ ಹೇಗೆ? ಕಿವಿಯಿಂದ ಕೇಳದ್ದೋ, ಬಾಯಿಬಿಟ್ಟು ಕೇಳದ್ದೋ?” ಎಂದು ಮನೆಯ ಯಜಮಾನ ಮೊದಲ ವಾರವೇ ತಗಾದೆ ತೆಗೆದಿದ್ದ. ನಡೆಸಿಕೊಡುವಾಕೆಗೆ ವರ್ಷಪೂರ್ತಿ ಶೀತವಾದಂಥ ದನಿ. ಅವಳಿಗೆ ‘ನೆಗಡಿ ಮೇಡಂ’ ಎಂದು ಹೆಸರಿಟ್ಟವನೂ ಅವನೇ.

ಯಜಮಾನ ಸಿಟಿ ಬಸ್ಸಿನ ಕಂಡಕ್ಟರ್. ಚಿಲ್ಲರೆ ಕೊಡುವುದರಲ್ಲಿ ಬಿಗಿ, ಚಿಲ್ಲರೆ ಮಾತಿನಲ್ಲಿ ಧಾರಾಳಿ. ನಸುಕಿನ ಪಾಳಿಗೆ ಹೋಗಿ ಮಧ್ಯಾಹ್ನ ಬಂದು, ಉಂಡು ಮಲಗಿದನೆಂದರೆ ಸಂಜೆಯವರೆಗೆ ಮನೆಯಲ್ಲಿ ಚಮಚ ಕೂಡ ಬೀಳುವಂತಿರಲಿಲ್ಲ. ಎದ್ದ ಮೇಲೆ ಇಡೀ ಬಸ್ಸೇ ಮನೆಯೊಳಗೆ ಬರುತ್ತಿತ್ತು. ಪಾಸು ಮರೆತ ಮೇಷ್ಟರು, ಫೋನಿನಲ್ಲಿ ಗಂಡನನ್ನು ಬೈಯುತ್ತಲೇ ಎರಡು ಸ್ಟಾಪು ಮುಂದಕ್ಕೆ ಹೋಗಿಬಿಟ್ಟ ಹೆಂಗಸು, ‘ಮಗುವಿಗೆ ಇನ್ನೂ ನಾಲ್ಕೇ ವರ್ಷ’ ಎಂದು ಸಾಧಿಸುವಾಗ ‘ಇಲ್ಲಮ್ಮ, ಏಳು’ ಎಂದ ಮಗು, ಒಬ್ಬೊಬ್ಬರ ದನಿಯನ್ನೂ ಅವನು ಗಂಟಲಿನಲ್ಲಿ ಕೂರಿಸಿಕೊಂಡು ತರುತ್ತಿದ್ದ. ಅವನ ಅಣಕವಿಲ್ಲದೆ ಆ ಮನೆಯಲ್ಲಿ ಊಟ ಅರಗುತ್ತಿರಲಿಲ್ಲ.

ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. “ದಿನಾ ಊರವರ ಹಾಸಿಗೆ ಬಟ್ಟೆ ಒಗೆದು ನನ್ನ ಕೈ ನೀರು ಕುಡಿದಿದೆ. ಮನೆ ಪಾತ್ರೆ ನೀವ್ಯಾರಾದ್ರೂ ನೋಡ್ಕೊಳ್ಳಿ” ಎಂದು ಒಂದು ದಿನ ಪಾತ್ರೆ ಉಜ್ಜುವ ನಾರನ್ನು ನೆಲಕ್ಕೆ ಎಸೆದಿದ್ದಳು. ಆಗ ಮಗಳು ಮಾಡಿದ ಕಾನೂನು ಇದು: ಅಪ್ಪ, ಅಣ್ಣ, ತಾನು, ಮೂವರೂ ಭಾನುವಾರಕ್ಕೊಂದು ಹೊಸ ಹಾಡು ಹುಡುಕಿ ತರಬೇಕು. ಹಾಡು ಹಂಚಿಕೊಳ್ಳುವ ಆ ಜಾಲತಾಣದಲ್ಲಿ ಒಂದೊಂದು ಹಾಡನ್ನು ಎಷ್ಟು ಮಂದಿ ಕೇಳಿದ್ದಾರೆಂದು ಕೆಳಗೆ ಬರೆದಿರುತ್ತದೆ. ಯಾರ ಹಾಡನ್ನು ಅತಿ ಕಡಿಮೆ ಮಂದಿ ಕೇಳಿದ್ದಾರೋ ಅವರು ಗೆದ್ದರು. ಯಾರದ್ದನ್ನು ಅತಿ ಹೆಚ್ಚು ಮಂದಿ ಕೇಳಿದ್ದಾರೋ ಅವರ ಪಾಲಿಗೆ ವಾರವಿಡೀ ಪಾತ್ರೆ. ಒಂದು ಕಿವಿ ಕೇಳದ ಅಜ್ಜಿ, ಎಂದರೆ ಕಂಡಕ್ಟರನ ತಾಯಿ, ಇದಕ್ಕೆ ನ್ಯಾಯಾಧೀಶೆ.

ಮಗನಿಗೆ ಮನೆಯಲ್ಲಿ ‘ಗುಮ್ಮ’ ಎಂದೇ ಹೆಸರು. ಗುಮ್ಮನಗುಸುಕ ಎಂಬುದರ ಅರ್ಧ. ಸೋಫಾ, ಹಾಸಿಗೆ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ. ಮಂಗಳವಾರ ವಾರದ ರಜೆ. ಮಗಳು ಅಪ್ಪನನ್ನು ‘ನೀನು’ ಎನ್ನುತ್ತಿದ್ದಳು, ಅವನು ‘ನೀವು’ ಎನ್ನುತ್ತಿದ್ದ. ಕಾರ್ಖಾನೆಯಲ್ಲಿ ಉಳಿದ ಫೋಮಿನ ಚೂರುಗಳನ್ನು ತಂದು, ಅಪ್ಪ ಅಮ್ಮ ಮಲಗುವ ಕೋಣೆಗೆ ಅಂಟಿದ್ದ ಗೂಡಿನ ಒಳಗೋಡೆಗೆಲ್ಲ ಅಂಟಿಸಿದ್ದ. ಹಗಲು ಹಾಸಿಗೆ ಒಟ್ಟುವ, ಒಬ್ಬ ಮನುಷ್ಯ ಮಂಡಿ ಮಡಚಿ ಕೂರಬಹುದಾದಷ್ಟೇ ಜಾಗ ಅದು. ಕದ ನಡುಮನೆಗೆ, ಕೋಣೆಯ ಕಡೆಗೆ ಬರೀ ಹಲಗೆ.

“ಏನೋ ಇದು, ಗೂಡಿಗೆ ಸ್ವೆಟರ್ ಹಾಕಿದ್ಯಾ?” ಎಂದು ಕಂಡಕ್ಟರ್ ಕೇಳಿದ್ದ.

“ಜಿರಳೆ ಬರಲ್ಲಪ್ಪ.”

“ಯಾಕೆ ಬರಲ್ಲ? ಇಷ್ಟು ಮೆತ್ತಗಿದ್ರೆ ಸಂಸಾರ ಸಮೇತ ಬರ್ತವೆ” ಎಂದು ಕಂಡಕ್ಟರ್ ಜಿರಳೆಯ ಹೆಂಡತಿ ಗಂಡನಿಗೆ ಮನೆ ತೋರಿಸುವುದನ್ನು ಮಾಡಿ ತೋರಿಸಿದ್ದ. ಮಗ ನಕ್ಕಿದ್ದ. ಅವನು ಅಪ್ಪನ ಎಲ್ಲ ಅಣಕಕ್ಕೂ ನಗುತ್ತಿದ್ದ.

ಆ ಭಾನುವಾರ ಅನ್ನ, ಬೇಳೆ, ಬೇಯಿಸಿದ ಮೊಟ್ಟೆ. ರೇಡಿಯೋ ಮುಗಿದ ಮೇಲೆ ಸ್ಪರ್ಧೆ. ಕಂಡಕ್ಟರ್ ತಂದ ಹಾಡನ್ನು ಮುನ್ನೂರು ಚಿಲ್ಲರೆ ಮಂದಿ ಕೇಳಿದ್ದರು. ಗುಮ್ಮನದ್ದು ಅದಕ್ಕಿಂತ ಕಡಿಮೆ. ಮಗಳು ಮಾತ್ರ ಫೋನನ್ನು ಎದೆಗೆ ಅವುಚಿಕೊಂಡು ಕೊನೆಯವರೆಗೂ ಕಾದಳು.

“ಎಷ್ಟೇ ಅದು? ಬಾಯಿಬಿಡು.”

“ಒಂಬತ್ತು!”

“ಒಂಬೈನೂರಾ?”

“ಒಂಬತ್ತಪ್ಪಾ! ಒಂದು ಆಟೋದಲ್ಲಿ ತುರುಕಬಹುದು ಎಲ್ಲಾರನ್ನೂ.”

“ಯಾರೇ ಪಾಪ ಅವನು?”

“ಹೆಸರು ‘ಹತ್ತಿ’ ಅಂತ ಹಾಕ್ಕೊಂಡಿದ್ದಾನೆ. ಹಾಡಿನ ಹೆಸರು ‘ಮಂಗಳವಾರ’.”

“ಹತ್ತಿ!” ಕಂಡಕ್ಟರ್ ಮೊಟ್ಟೆ ಕೆಳಗಿಟ್ಟು ತೊಡೆ ತಟ್ಟಿಕೊಂಡ. “ನಾನು ದಿನಾ ಕೂಗೋದೇ ಅದು ಕಣೇ. ಹತ್ತಿ, ಹತ್ತಿ, ಒಳಗೆ ಹತ್ತಿ! ಒಂಬತ್ತೇ ಜನ ಹತ್ತಿದ್ದಾರೆ ಅಂದ್ರೆ ಆ ರೂಟು ಲಾಸು.”

ಮಗಳು ದನಿ ಜೋರಾಗಲೆಂದು ಫೋನನ್ನು ಖಾಲಿ ಸ್ಟೀಲ್ ಬಟ್ಟಲಿನಲ್ಲಿ ನಿಲ್ಲಿಸಿದಳು. ಗುಮ್ಮ ತಟ್ಟೆಯ ಅನ್ನವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಳ್ಳುತ್ತಿದ್ದ. ಮೊದಲು ಬಿಗಿದ ದಾರವನ್ನು ಒಂದೆರಡು ಸಲ ಮೀಟಿದಂಥ ಸದ್ದು. ಆಮೇಲೆ ಒಂದು ದನಿ. ದನಿಯೆನ್ನುವುದಕ್ಕಿಂತ ಉಸಿರು ಎನ್ನಬೇಕು. ತುಟಿಯಿಂದ ಹೊರಡುತ್ತಲೇ ಮುಗಿದುಹೋಗುವಂಥದ್ದು.

ಬಾಗಿಲು ಮೆಲ್ಲಗೆ ಹಾಕು,
ಒಳಗೆ ದಣಿದವರಿದ್ದಾರೆ.
ಚಪ್ಪಲಿ ಕೈಯಲ್ಲಿ ಹಿಡಿ,
ನೆಲಕ್ಕೂ ನಿದ್ದೆ ಬಂದಿದೆ.

ದನಿಯ ಹಿಂದೆ, ತುಂಬ ಹಿಂದೆ, ಇನ್ನೊಂದು ಸದ್ದಿತ್ತು. ಗರ್ ಎಂದು ಎಳೆದು, ತಡೆದು, ಉಸ್ ಎಂದು ಬಿಡುವ ಸದ್ದು.

ಹಾಡು ಮುಗಿಯುವುದಕ್ಕೆ ಮುಂಚೆಯೇ ಕಂಡಕ್ಟರ್ ಎದ್ದಿದ್ದ. ಎಂಜಲು ಕೈಯನ್ನು ಮೇಲೆತ್ತಿಕೊಂಡು ಬಾಗಿಲ ಬಳಿ ಹೋಗಿ, ಇನ್ನೊಂದು ಕೈಯಲ್ಲಿ ಚಪ್ಪಲಿ ಹಿಡಿದು, ಬೆರಳತುದಿಯಲ್ಲಿ ನಡೆಯುತ್ತಾ, ಕತ್ತನ್ನು ಭುಜದೊಳಕ್ಕೆ ಎಳೆದುಕೊಂಡು, “ಬಾ...ಗಿ...ಲು...” ಎಂದು ಪಿಸುಗುಟ್ಟಿದ. ಅಷ್ಟೂ ಅದೇ ದನಿ. ಸ್ವಲ್ಪ ಮಾತ್ರ ಜಾಸ್ತಿ ನಡುಕ, ಸ್ವಲ್ಪ ಮಾತ್ರ ಜಾಸ್ತಿ ಅಳು. ನಡುವೆ ನಿಂತು, “ಶ್! ಹಿಂದೆ ಯಾರೋ ಮರ ಕೊಯ್ತಿದ್ದಾರೆ” ಎಂದು ಗರಗಸದ ಸದ್ದನ್ನೂ ಮಾಡಿದ. “ಇದು ಕಳ್ಳನ ಹಾಡು ಕಣ್ರೋ! ಕದಿಯೋಕೆ ಬಂದಿದ್ದಾನೆ, ಎದೆ ಡವಡವ ಅಂತಿದೆ, ಸುಮ್ನಿರಲಾರದೆ ಹಾಡ್ತಿದ್ದಾನೆ. ಮನೆಯವರು ಎದ್ದುಬಿಟ್ರೆ ಅಂತ ಜೀವ ಬಾಯಿಗೆ ಬಂದಿದೆ ಪಾಪದವನಿಗೆ!”

ಮಗಳು ನಕ್ಕು ನಕ್ಕು ನೆಲಕ್ಕೆ ಒರಗಿದಳು. “ಇನ್ನೊಂದ್ಸಲ ಅಪ್ಪ, ಆ ಚಪ್ಪಲಿದು ಇನ್ನೊಂದ್ಸಲ!”

ಅವನು ಇನ್ನೊಂದು ಸಲ ಮಾಡಿದ. ಎರಡನೆಯ ಸಲ ಇನ್ನೂ ಚೆನ್ನಾಗಿ ಬಂತು.

ಅಜ್ಜಿ ಬಟ್ಟಲಿನಿಂದ ಫೋನು ತೆಗೆದು ಕೇಳುವ ಕಿವಿಗೆ ಹಿಡಿದುಕೊಂಡಿದ್ದಳು. “ಹುಡುಗ ಚೆನ್ನಾಗಿ ಹಾಡಿದ್ದಾನೆ ಕಣೋ” ಎಂದಳು.

“ನಿನಗೆ ಕೇಳಿಸಿದ್ದೇ ಹೆಚ್ಚು ಕಣಮ್ಮ, ನಮಗೇ ಕೇಳಿಸಲಿಲ್ಲ. ಏನೋ ಗುಮ್ಮ, ನೀನೇನಂತೀಯ?”

ಗುಮ್ಮ ಬಾಯಲ್ಲಿದ್ದ ತುತ್ತನ್ನು ನುಂಗಿದ. “ಹೌದಪ್ಪ” ಎಂದ. “ಕಳ್ಳನ ಥರಾನೇ ಇದೆ.” ನಕ್ಕ ಕೂಡ.

ಆ ವಾರ ಪಾತ್ರೆ ಕಂಡಕ್ಟರನ ಪಾಲಿಗೆ ಬಂದಿತ್ತು. ಆದರೆ ಅವನು ಕೈ ತೊಳೆದು ಬರುವಷ್ಟರಲ್ಲಿ ಗುಮ್ಮ ಪಾತ್ರೆಗಳ ಮುಂದೆ ಕೂತಾಗಿತ್ತು. “ನೀವು ಬೆಳಿಗ್ಗೆ ಬೇಗ ಏಳಬೇಕು, ಹೋಗಿ ಮಲಗಿ” ಎಂದ. ಕಂಡಕ್ಟರ್ ಎರಡು ಸಲ ಹೇಳಿಸಿಕೊಳ್ಳಲಿಲ್ಲ. ಹೆಂಡತಿ ಮಾತ್ರ ಕೈಯಲ್ಲಿ ಸೌಟು ಹಿಡಿದು ನಿಂತೇ ಇದ್ದಳು. ಅವಳು ನಕ್ಕಿರಲಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ಸುಸ್ತಾಗಿರಬೇಕು ಎಂದುಕೊಂಡ.

ಕಳ್ಳನ ಹಾಡು ಡಿಪೋದಲ್ಲಿ ಹಿಟ್ಟಾಯಿತು. ಚಹಾ ಹೊತ್ತಿನಲ್ಲಿ ಡ್ರೈವರುಗಳು ಸುತ್ತ ಕೂತು, “ಅಣ್ಣ, ಚಪ್ಪಲಿ ಐಟಂ ಒಂದು ಆಗ್ಲಿ” ಎನ್ನುವರು. ಅವನು ಬೂಟು ಕಳಚಿ ಕೈಯಲ್ಲಿ ಹಿಡಿದು ಸುತ್ತು ಹಾಕುವನು. ಕೊನೆಯ ಸ್ಟಾಪಿನಲ್ಲಿ ನಿದ್ದೆಹೋದ ಪ್ರಯಾಣಿಕರ ಕಿವಿಯ ಬಳಿ ಅದೇ ಪಿಸುದನಿಯಲ್ಲಿ “ಇಳಿ...ಯಿ...ರಿ...” ಎನ್ನುವನು. ಹಾಡನ್ನು ಒಂಬತ್ತು ಮಂದಿ ಕೇಳಿದ್ದರೆ, ಅಣಕವನ್ನು ಇಡೀ ಡಿಪೋ ಕೇಳಿತು.

ಮನೆಯಲ್ಲಿ ಆ ವಾರ ಆದದ್ದು ಸಣ್ಣಪುಟ್ಟ ಸಂಗತಿಗಳು. ಅಜ್ಜಿಯ ಕುರ್ಚಿಗೆ ಹೊಸ ದಿಂಬು ಬಂತು. ಮೆತ್ತಗಿತ್ತು, ದಪ್ಪಗಿತ್ತು, ಹೊಲಿಗೆ ಅಚ್ಚುಕಟ್ಟು.

“ಎಲ್ಲಿಂದ ಬಂತಮ್ಮ ಸಿಂಹಾಸನ?”

“ನನ್ನ ಮೊಮ್ಮಗ ಮಾಡಿಕೊಟ್ಟ. ನೀನು ಕೊಡ್ಸಿದ್ಯಾ ಯಾವತ್ತಾದ್ರೂ?”

ಗೂಡಿನ ಗೋಡೆಗಳು ಬೆತ್ತಲೆಯಾಗಿದ್ದವು. ಫೋಮು ಕಿತ್ತ ಕಡೆಯೆಲ್ಲ ಅಂಟಿನ ಹಳದಿ ಕಲೆ. “ಏನೋ, ಜಿರಳೆದು ಕಿತ್ತು ಅಜ್ಜಿಗೆ ಕೊಟ್ಯಾ?” ಎಂದು ನಸುಕಿನ ಪಾಳಿಗೆ ಹೊರಟಿದ್ದ ಕಂಡಕ್ಟರ್ ಕೂಗಿದ. ಗುಮ್ಮನೂ ಆಗಲೇ ಚಪ್ಪಲಿ ಹಾಕಿಕೊಳ್ಳುತ್ತಿದ್ದ.

“ಇವತ್ತು ಮಂಗಳವಾರ ಅಲ್ವೇನೋ? ರಜೆ ತಾನೆ?” ಎಂದಳು ತಾಯಿ.

“ಆರ್ಡರ್ ಜಾಸ್ತಿ ಇದೆಯಮ್ಮ. ರಜೆ ದಿನಾನೂ ಬರ್ತೀನಿ ಅಂದೆ.”

“ಯಾರನ್ನ ಕೇಳಿ ಅಂದೆ? ವಾರಕ್ಕೊಂದು ದಿನ ಮೈ ಕೈ ಚಾಚೋದು ಬೇಡ್ವಾ?”

“ಹೋಗ್ಲಿ ಬಿಡೇ” ಎಂದ ಕಂಡಕ್ಟರ್. “ಕೆಟ್ಟು ಕೂತಿರೋ ಫ್ರಿಜ್ ರಿಪೇರಿ ಆಗುತ್ತೆ. ದುಡಿಯೋ ವಯಸ್ಸು.”

ಅವಳು ಗಂಡನನ್ನು ಒಂದು ಗಳಿಗೆ ನೋಡಿ ಒಳಗೆ ಹೋದಳು.

ಮುಂದಿನ ಭಾನುವಾರ ಗುಮ್ಮ ಹಾಡು ತರಲಿಲ್ಲ. “ಟೈಮ್ ಸಿಗಲಿಲ್ಲ. ಪಾತ್ರೆ ನಾನೇ ತೊಳೀತೀನಿ ಬಿಡಿ” ಎಂದ. “ಅಣ್ಣ, ಆಡದೇ ಸೋತ್ರೆ ಅದು ಆಟಾನೇ ಅಲ್ಲ!” ಎಂದು ಮಗಳು ಜಗಳ ತೆಗೆದಳು. ಅವನು ನಾರು ಹುಡುಕುತ್ತಾ ಹೋದ. ಇಬ್ಬರೇ ಆಡುವ ಆಟಕ್ಕೆ ರುಚಿಯಿಲ್ಲ. ರೇಡಿಯೋ ಬರುತ್ತಿತ್ತು, ಹಾಡುಗಳೂ ಬರುತ್ತಿದ್ದವು, ಊಟ ಮಾತ್ರ ಬೇಗ ಬೇಗ ಮುಗಿಯುತ್ತಿತ್ತು.

ಅದರ ಮುಂದಿನ ಭಾನುವಾರ ಗುಮ್ಮ ಯಾರದ್ದೋ ಮನೆಗೆ ಸೋಫಾ ತಲುಪಿಸಲು ಹೋಗಿದ್ದ. ಹೆಂಡತಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ನೆಗಡಿ ಮೇಡಂ ರೇಡಿಯೋದಲ್ಲಿ ಮೂಗು ಎಳೆದುಕೊಂಡು ಹೇಳಿದಳು:

“ಇವತ್ತು ನಿಮಗೆ ಒಂದು ಹಾಡು ಕೇಳಿಸಬೇಕು ಅಂತಿದ್ದೆ. ‘ಮಂಗಳವಾರ’ ಅಂತ ಹೆಸರು. ಹಾಡಿದವರು ಯಾರೋ ಗೊತ್ತಿಲ್ಲ, ‘ಹತ್ತಿ’ ಅಂತ ಹಾಕಿಕೊಂಡಿದ್ದರು. ಹೋದ ತಿಂಗಳು ಕೇಳಿ ಗುರುತು ಹಾಕಿಟ್ಟಿದ್ದೆ. ಎಷ್ಟೋ ವರ್ಷದಿಂದ ಈ ಕಾರ್ಯಕ್ರಮ ಮಾಡ್ತಿದೀನಿ. ಇಷ್ಟು ಮೆಲ್ಲಗೆ, ಇಷ್ಟು ಪ್ರೀತಿಯಿಂದ ಹಾಡಿದ್ದನ್ನ ಕೇಳಿರಲಿಲ್ಲ. ನಿನ್ನೆ ಹುಡುಕಿದರೆ ಅಲ್ಲಿ ಹಾಡೇ ಇಲ್ಲ. ಅವರೇ ತೆಗೆದುಬಿಟ್ಟಿದ್ದಾರೆ. ‘ಹತ್ತಿ’ಯವರೇ, ನೀವು ಕೇಳ್ತಿದ್ದರೆ ದಯವಿಟ್ಟು ಆ ಹಾಡು ನಮಗೆ ಕಳಿಸಿಕೊಡಿ. ಮುಂದಿನ ವಾರ ಕಾಯ್ತೀನಿ.”

“ಅಪ್ಪಾ, ನಮ್ಮ ಕಳ್ಳ!” ಮಗಳು ಚೀರಿದಳು. ಫೋನು ತೆಗೆದು ಹುಡುಕಿದಳು. “ಹೌದು, ಇಲ್ಲ. ಅವನ ಹೆಸರೂ ಇಲ್ಲ.”

“ಪೊಲೀಸ್ ಬಂದಿರಬೇಕು!” ಕಂಡಕ್ಟರ್ ಎದ್ದು ಚಪ್ಪಲಿಗೆ ಕೈ ಹಾಕಿದ. “ಬಾ...ಗಿ...ಲು...”

ಹೆಂಡತಿಯ ಕೈಯಿಂದ ಆಲೂಗಡ್ಡೆ ಹಾರಿ ಬಾಗಿಲಿಗೆ ಬಡಿಯಿತು.

“ಇಡ್ರೀ ಕೆಳಗೆ! ಇಡಿ ಆ ಚಪ್ಪಲೀನ!”

“ಏನಾಯ್ತೇ ನಿನಗೆ?”

“ನನಗೇನಾಗಿಲ್ಲ. ನಿಮಗೆ ಆಗಿರೋದು. ಊರವರ ದನಿಯೆಲ್ಲ ಗೊತ್ತು ನಿಮಗೆ. ಟಿಕೆಟ್ ತಗೊಂಡು ಇಳಿದು ಹೋದವನ ಕೆಮ್ಮು ಕೂಡ ಗೊತ್ತು. ಮನೆಯವರದ್ದು ಗೊತ್ತಾಗಲ್ಲ, ಅಲ್ವಾ? ಆ ಗರಗಸ ಯಾವುದು ಗೊತ್ತೇನ್ರಿ? ಮರ ಕೊಯ್ತಿದ್ದವರು ಯಾರು ಗೊತ್ತಾ?”

“ಯಾರು?”

“ನೀವು. ನಿಮ್ಮ ಗೊರಕೆ ಅದು. ಮದುವೆಯಾದಾಗಿಂದ ಪಕ್ಕದಲ್ಲಿ ಮಲಗಿ ಕೇಳಿದೀನಿ, ನನಗೆ ತಿಳಿಯಲ್ವಾ? ಮಂಗಳವಾರ ಮಧ್ಯಾಹ್ನ ನೀವು ಮಲಗಿದ್ದಾಗ ಆ ಗೂಡಲ್ಲಿ ಮುದುಡಿ ಕೂತು ಹಾಡಿದ್ದಾನೆ. ನೀವು ಎದ್ದುಬಿಟ್ರೆ ಅಂತ ಉಸಿರು ಬಿಗಿಹಿಡಿದು ಹಾಡಿದ್ದಾನೆ ನನ್ನ ಮಗ.”

ರೇಡಿಯೋದಲ್ಲಿ ಇನ್ಯಾರೋ ಹಾಡುತ್ತಿದ್ದರು. ಅಜ್ಜಿ ಅದನ್ನು ಆರಿಸಿದಳು. ಕಂಡಕ್ಟರ್ ಚಪ್ಪಲಿಯನ್ನು ಕೆಳಗಿಡಲೂ ಇಲ್ಲ, ಹಿಡಿದುಕೊಳ್ಳಲೂ ಇಲ್ಲ. ಅದು ಬೆರಳಿನಲ್ಲಿ ನೇತಾಡುತ್ತಿತ್ತು.

“ಆವತ್ತೇ ಗೊತ್ತಿತ್ತಾ ನಿನಗೆ?”

“ಗೊತ್ತಿತ್ತು.”

“ಮತ್ತೆ ಬಾಯಿಬಿಡೋದಲ್ವೇನೇ!”

“ಹೇಗೆ ಬಿಡ್ಲಿ? ಅವನೇ ಕೂತು ನಗ್ತಿದ್ದ. ತನ್ನ ಮಾನ ತಾನೇ ಮುಚ್ಚಿಕೊಂಡಿದ್ದ. ಎಲ್ಲರ ಎದುರಿಗೆ ನಾನು ಎಳೆದು ಬಿಚ್ಚಬೇಕಿತ್ತಾ?” ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. “ನೀವೇ ಗುರುತು ಹಿಡೀತೀರಿ ಅಂತ ಕಾದೆ. ಎರಡನೇ ಸಲ ಮಾಡಿದ್ರಲ್ಲ, ಆಗಲಾದ್ರೂ ತಿಳಿಯುತ್ತೆ ಅಂತ ಕಾದೆ.”

ಮಗಳು ಬಿಕ್ಕತೊಡಗಿದಳು. “ಇನ್ನೊಂದ್ಸಲ ಅಂದಿದ್ದು ನಾನು. ತಂದಿದ್ದೂ ನಾನೇ.”

“ನಾನು ಚೆನ್ನಾಗಿ ಹಾಡಿದ್ದಾನೆ ಅಂದೆ” ಎಂದಳು ಅಜ್ಜಿ. “ನನ್ನ ಮಾತು ಯಾರು ಕೇಳ್ತೀರಿ.”

ಗುಮ್ಮ ಬಂದಾಗ ಆಲೂಗಡ್ಡೆ ತಟ್ಟೆಗಳಲ್ಲಿ ಆರಿತ್ತು. ಕಂಡಕ್ಟರ್ ಸಣ್ಣದಾಗಿ ಕೆಮ್ಮಿದ, “ಸೋಫಾ ತಲುಪಿತಾ?” ಎಂದ. “ತಲುಪಿತು” ಎಂದ ಗುಮ್ಮ. ಪಾತ್ರೆಗೆ ಮೊದಲು ಕಂಡಕ್ಟರನೇ ಕೈ ಹಾಕಿದ. ತಂದೆ ಮಗ ಇಬ್ಬರೂ ಒಂದೇ ಬಾಣಲೆಯನ್ನು ಹಿಡಿದು ಸ್ವಲ್ಪ ಹೊತ್ತು ಎಳೆದಾಡಿದರು. “ಬಿಡಿ ಅಪ್ಪ” ಎಂದ ಮಗ. ಅವನು ಬಿಟ್ಟ.

ಮರುದಿನ ಡಿಪೋದಿಂದ ಕಂಡಕ್ಟರ್ ರೇಡಿಯೋ ಕೇಂದ್ರಕ್ಕೆ ಫೋನು ಮಾಡಿದ. ಟಿಕೆಟ್ ಮೆಷಿನ್ ಒಪ್ಪಿಸುವ ಕಿಟಕಿಯ ಪಕ್ಕ, ಮೂಲೆಯಲ್ಲಿ ನಿಂತು. ಎತ್ತಿಕೊಂಡಾಕೆ ನೆಗಡಿ ಮೇಡಂ. ಫೋನಿನಲ್ಲೂ ನೆಗಡಿ.

“ಆ ‘ಮಂಗಳವಾರ’ ಹಾಡು, ಮೇಡಂ. ಅದರ ಕಾಪಿ ನಿಮ್ಮ ಹತ್ರ ಏನಾದ್ರೂ...”

“ಇಲ್ವಲ್ಲ ಸರ್. ಅಲ್ಲಿ ಕೇಳಬಹುದಿತ್ತು ಅಷ್ಟೇ, ಇಳಿಸಿಕೊಳ್ಳೋಕೆ ಅವರು ಬಿಟ್ಟಿರಲಿಲ್ಲ. ನೀವು ಕೇಳಿದ್ರಾ ಅದನ್ನ?”

“ಕೇಳಿದ್ದೆ.”

“ಹೌದಾ! ನನಗೆ ಅದರ ರಾಗ ಮರೆತೇಹೋಗಿದೆ. ಅದೇ ಎರಡು ದಿನದಿಂದ ಕೊರೀತಿದೆ. ನಿಮಗೆ ನೆನಪಿದ್ರೆ ಒಂದು ಸಾಲು ಅಂದು ತೋರಿಸ್ತೀರಾ?”

ಕಂಡಕ್ಟರ್ ಸುತ್ತ ನೋಡಿದ. ಗೋಡೆಯ ಕಡೆ ತಿರುಗಿ ಬಾಯಿಗೆ ಕೈ ಅಡ್ಡ ಹಿಡಿದ. ಒಮ್ಮೆ ಕೇಳಿದ ದನಿ ಅವನನ್ನು ಬಿಟ್ಟುಹೋದದ್ದಿಲ್ಲ. “ಬಾಗಿಲು ಮೆಲ್ಲಗೆ ಹಾಕು” ಎಂದ. ಬಂದದ್ದು ನಡುಕ, ಬಂದದ್ದು ಅಳು, ಬಂದದ್ದು ಕಳ್ಳ. ನಿಲ್ಲಿಸಿ ಗಂಟಲು ಸರಿಮಾಡಿಕೊಂಡು ಮತ್ತೆ ಅಂದ. ಮತ್ತೆ ಅದೇ ಬಂತು. ತಾನು ಸೇರಿಸಿದ್ದನ್ನೆಲ್ಲ ಒಂದೊಂದಾಗಿ ತೆಗೆಯಲು ನೋಡಿದ. ತೆಗೆದರೆ ಅಡಿಯಲ್ಲಿ ಏನೂ ಉಳಿಯಲಿಲ್ಲ.

ಅವಳು ಮರ್ಯಾದೆಗೆ ಸ್ವಲ್ಪ ನಕ್ಕಳು. “ಅಯ್ಯೋ, ಹಾಗಿರಲಿಲ್ಲ ಸರ್ ಅದು.”

“ಗೊತ್ತು ಮೇಡಂ” ಎಂದ ಕಂಡಕ್ಟರ್.

ಹಿಂದಿನಿಂದ ಡ್ರೈವರುಗಳು ಚಪ್ಪಾಳೆ ತಟ್ಟಿದರು. “ಅಣ್ಣ, ಫೋನಲ್ಲೂ ಶುರುವಾ? ಬೂಟು ಬಿಚ್ಚಿ, ಬೂಟು ಬಿಚ್ಚಿ!”

ಆ ದಿನ ಅವನು ಮನೆಗೆ ಬಸ್ಸನ್ನು ತರಲಿಲ್ಲ. ಆಮೇಲೆಯೂ ತರಲಿಲ್ಲ. ಅಜ್ಜಿ ಎರಡು ಮೂರು ಸಲ, “ಇವತ್ತು ಯಾರೂ ಬರಲಿಲ್ವೇನೋ ಬಸ್ಸಿಗೆ?” ಎಂದು ಕೇಳಿ ಸುಮ್ಮನಾದಳು.

ವಾರದ ರಜೆ ಬಂದಾಗ ಕಂಡಕ್ಟರ್ ಮಗನ ಕಾರ್ಖಾನೆಗೆ ಹೋದ. ಅಷ್ಟು ವರ್ಷದಲ್ಲಿ ಅದೇ ಮೊದಲು. ಎದೆಯೆತ್ತರ ಪೇರಿಸಿದ ಫೋಮು, ಗಾಳಿಯಲ್ಲೆಲ್ಲ ಹತ್ತಿಯ ಎಳೆ. ಗುಮ್ಮ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕಾಲನ್ನು ಹಾಸಿಗೆಯ ಮೇಲೆ ಊರಿ, ಉದ್ದನೆಯ ದಬ್ಬಣದಿಂದ ಅಂಚು ಹೊಲಿಯುತ್ತಿದ್ದ. ಹುಬ್ಬು, ಕೂದಲು ಎಲ್ಲ ಬಿಳಿ. ತಂದೆಗೆ ಒಂದು ಗಳಿಗೆ ಮಗ ತನಗಿಂತ ಮುದುಕನಾಗಿ ಕಂಡ.

“ಏನಪ್ಪಾ, ಮನೇಲಿ ಎಲ್ಲಾ ಸರಿಯಿದೆ ತಾನೆ?”

“ಸರಿ ಇದೆ. ಹೀಗೇ ಬಂದೆ.” ಕಂಡಕ್ಟರ್ ಹಾಸಿಗೆಯೊಂದನ್ನು ಒತ್ತಿ ನೋಡಿದ. ಗಂಟಲಿನಲ್ಲಿ ಪಾಸು ಮರೆತ ಮೇಷ್ಟರು ಬಂದು ಕೂತರು. “ನೋಡಿಯಪ್ಪ, ಒಂದು ತಪ್ಪಾಗಿಬಿಟ್ಟಿದೆ, ವಯಸ್ಸಾಯ್ತು ನೋಡಿ, ಇದೊಂದು ಸಲ...” ಎಂದು ಮೇಷ್ಟರ ದನಿಯಲ್ಲಿ ಶುರುಮಾಡಿದ. ಮಗ ಮೂಗಿನ ಬಟ್ಟೆ ಇಳಿಸಿ ನಕ್ಕ. ಎಂದಿನಂತೆಯೇ ನಕ್ಕ. ಆ ನಗು ನೋಡಿ ತಂದೆಗೆ ಮುಂದೆ ಹೇಳಲಾಗಲಿಲ್ಲ. ಮೇಷ್ಟರು ಇಳಿದುಹೋದರು. ಉಳಿದವನು ಹಾಸಿಗೆಯನ್ನು ಮತ್ತೊಮ್ಮೆ ಒತ್ತಿ ನೋಡಿದ.

“ಆ ಹಾಡು...” ಎಂದ ಕೊನೆಗೆ.

“ಯಾವ ಹಾಡಪ್ಪ?”

“ನನಗೆ ಗೊತ್ತಾಗಲಿಲ್ಲ ಕಣೋ. ಆಣೆ ಮಾಡಿ ಹೇಳ್ತೀನಿ, ನನಗೆ ಗೊತ್ತಾಗಲಿಲ್ಲ.”

ಗುಮ್ಮ ದಬ್ಬಣಕ್ಕೆ ದಾರ ಪೋಣಿಸಿದ. “ಅದಕ್ಕೇನೀಗ? ನೀವು ಯಾರನ್ನ ಅಣಕ ಮಾಡಲ್ಲ ಹೇಳಿ. ಎಲ್ಲಾರ್ನೂ ಮಾಡ್ತೀರ.”

“ರೇಡಿಯೋದವರು ಕೇಳ್ತಿದ್ದಾರೆ. ಅಷ್ಟು ಪ್ರೀತಿಯಿಂದ ಹಾಡಿದ್ದು ಕೇಳೇ ಇಲ್ಲ ಅಂದ್ರು. ನಿನ್ನ ಫೋನಲ್ಲಿ ಇರುತ್ತಲ್ವಾ?”

“ಇಲ್ಲಪ್ಪ. ಆವತ್ತೇ ಎಲ್ಲಾ ಅಳಿಸಿದೆ.”

“ಮತ್ತೆ ಹಾಡು. ಮನೇಲೇ ಹಾಡು. ಜೋರಾಗಿ ಹಾಡು, ನನ್ನ ನಿದ್ದೆ ಹಾಳಾಗಿ ಹೋಗ್ಲಿ. ಒಂದೇ ಸಲ ಹಾಡೋ ನನ್ನಪ್ಪಾ.”

ಮಗ ದಾರದ ತುದಿಯನ್ನು ಹಲ್ಲಿನಿಂದ ಕಡಿದ. ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಿದ್ದಿದ್ದರೆ ಕಂಡಕ್ಟರನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

“ನೋಡೋಣ ಅಂತ ಬಾಯಿ ತೆಗೆದೆ ಅಪ್ಪ, ಒಂದೆರಡು ಸಲ” ಎಂದ. “ನಿಮ್ಮ ದನೀಲೇ ಬರುತ್ತೆ. ಆ ಚಪ್ಪಲಿ ಹಿಡಿದಿದ್ರಲ್ಲ, ಹಾಗೇ ಬರುತ್ತೆ. ಏನು ಮಾಡ್ಲಿ?”

ಆಚೆಯಿಂದ ಮಾಲೀಕ ಕೂಗಿದ. “ಗಿರಾಕಿ ಬಂದ್ರಪ್ಪ” ಎಂದು ಗುಮ್ಮ ಬಟ್ಟೆಯನ್ನು ಮತ್ತೆ ಮೂಗಿಗೇರಿಸಿದ. “ಬಿಸಿಲಿದೆ. ಬಸ್ಸಲ್ಲೇ ಹೋಗಿ, ನಡೀಬೇಡಿ.”

ಮುಂದಿನ ವಾರ ಕಾರ್ಖಾನೆಯಲ್ಲಿ ಆರ್ಡರುಗಳೆಲ್ಲ ಮುಗಿದವು. ಮಂಗಳವಾರ ಬಾಗಿಲು ಹಾಕುತ್ತಾರಂತೆ ಎಂದು ಗುಮ್ಮ ತಾಯಿಗೆ ಹೇಳುವುದು ಕಂಡಕ್ಟರನ ಕಿವಿಗೆ ಬಿತ್ತು. ಹಾಸಿಗೆ ಹಾಸುವಾಗ ಅವನು ಹೆಂಡತಿಯನ್ನು ಕೇಳಿದ: “ನಾನು ಗೊರಕೆ ಹೊಡೆಯೋದು ಹೇಗೇ?”

“ಈಗ್ಯಾಕೆ ಅದು?”

“ಹೇಳೇ. ನಾನು ಯಾವತ್ತೂ ಕೇಳಿಲ್ಲ. ಹಾಡಲ್ಲಿ ಇತ್ತು, ಅದನ್ನೂ ಗರಗಸ ಮಾಡ್ಬಿಟ್ಟೆ.”

ಅವಳು ದಿಂಬಿಗೆ ಬಟ್ಟೆ ಹಾಕುತ್ತಲೇ, ಮೊದಲು ಸಣ್ಣಗೆ ಎಳೆಯುತ್ತೀರಿ, ಮೇಲಕ್ಕೆ ಹೋಗಿ ಅಲ್ಲೇ ನಿಲ್ಲುತ್ತೀರಿ, ನಿಂತೇ ಹೋಯಿತೇನೋ ಎಂದು ನನಗೆ ದಿಗಿಲಾಗುವಷ್ಟು ಹೊತ್ತು ನಿಂತು ಆಮೇಲೆ ಬಿಡುತ್ತೀರಿ ಎಂದಳು. ಮಾಡಿಯೂ ತೋರಿಸಿದಳು. ಅವನು ಮಾಡಿದ. “ಹಾಗಲ್ಲ. ಅಷ್ಟು ಜೋರಿಲ್ಲ. ನಿಮಗೆ ಎಲ್ಲಾನೂ ಜಾಸ್ತಿ ಮಾಡೋದೇ ಚಾಳಿ” ಎಂದಳು. ಮತ್ತೆ ಮಾಡಿದ. ಅವಳು ತಲೆ ಆಡಿಸಿದಳು. ಇಬ್ಬರೂ ಹಾಸಿಗೆಯ ಎರಡು ಅಂಚಿನಲ್ಲಿ ಕೂತು, ಶಾಲೆಯ ಮಕ್ಕಳು ಮಗ್ಗಿ ಕಲಿಯುವಂತೆ ಗೊರಕೆ ಕಲಿತರು. ಯಾರಿಗೂ ನಗು ಬರಲಿಲ್ಲ.

ಮಂಗಳವಾರ ಮಧ್ಯಾಹ್ನ ಕಂಡಕ್ಟರ್ ಎಂದಿನಂತೆ ಬಂದ, ಉಂಡ, ಆಕಳಿಸಿದ. ಹೆಂಡತಿ ಆಸ್ಪತ್ರೆಯಲ್ಲಿದ್ದಳು, ಮಗಳು ಕಾಲೇಜಿನಲ್ಲಿ. ಅಜ್ಜಿ ಹೊಸ ದಿಂಬಿಗೆ ಒರಗಿ ತೂಕಡಿಸುತ್ತಿದ್ದಳು. ಗುಮ್ಮ ನಡುಮನೆಯಲ್ಲಿ ಅಂಗಿಗೆ ಗುಂಡಿ ಹಾಕುತ್ತಿದ್ದ. ಕಂಡಕ್ಟರ್ ಕೋಣೆಗೆ ಹೋಗಿ, ಬಾಗಿಲನ್ನು ಅರ್ಧ ಮುಚ್ಚಿ, ಗೂಡಿನ ಹಲಗೆಯ ಕಡೆ ತಲೆಹಾಕಿ ಮಲಗಿದ.

ಸಣ್ಣಗೆ ಎಳೆದ. ಮೇಲಕ್ಕೆ ಹೋದ. ಅಲ್ಲೇ ನಿಂತ. ಬಿಟ್ಟ.

ಜಾಸ್ತಿ ಮಾಡಲಿಲ್ಲ. ಹುಟ್ಟಿದಾಗಿನಿಂದ ಅಷ್ಟು ಜೋಪಾನವಾಗಿ ಅವನು ಯಾರ ದನಿಯನ್ನೂ ಮಾಡಿರಲಿಲ್ಲ. ಕಣ್ಣು ಮುಚ್ಚಿ, ಕೈ ಎದೆಯ ಮೇಲಿಟ್ಟು, ಎಳೆಯುತ್ತಾ, ನಿಲ್ಲುತ್ತಾ, ಬಿಡುತ್ತಾ, ನಡುನಡುವೆ ಕಿವಿಗೊಟ್ಟ. ನಡುಮನೆಯಲ್ಲಿ ಹೆಜ್ಜೆ ಸದ್ದಾಯಿತು. ಗೂಡಿನ ಕದ ಕಿರ್ ಎಂದಿತು. ಗೊರಕೆ ತಾಳ ತಪ್ಪುವುದರಲ್ಲಿತ್ತು, ಸರಿಮಾಡಿಕೊಂಡ. ಹಲಗೆಯ ಆಚೆ ಏನೋ ಸರಿದಾಡಿತು. ಮಡಚಿಟ್ಟ ಹಾಸಿಗೆ ಎಳೆದ ಸದ್ದು. ಆಮೇಲೆ ಏನೂ ಇಲ್ಲ. ಒಂದು ಉಸಿರು ಎಳೆದುಕೊಂಡಂತೆ ಕೇಳಿಸಿತು, ಹಾಡುವವರು ಎಳೆದುಕೊಳ್ಳುವಂತೆ.

ಅವನು ಕಾದ. ಎಳೆಯುತ್ತಾ, ನಿಲ್ಲುತ್ತಾ, ಬಿಡುತ್ತಾ ಕಾದ.

ಆ ಉಸಿರು ಹಾಗೆಯೇ ಹೊರಗೆ ಬಂತು. ಕದ ಮತ್ತೆ ಕಿರ್ ಎಂದಿತು. ಹೆಜ್ಜೆಗಳು ನಡುಮನೆ ದಾಟಿ ಬಾಗಿಲವರೆಗೆ ಹೋಗಿ ನಿಂತವು.

ಕಂಡಕ್ಟರ್ ರೆಪ್ಪೆಯ ಸಂದಿನಿಂದ ನೋಡಿದ. ಅರ್ಧ ಮುಚ್ಚಿದ ಬಾಗಿಲಿನಾಚೆ ಗುಮ್ಮ ಬಗ್ಗಿ ಚಪ್ಪಲಿಯನ್ನು ಕೈಗೆತ್ತಿಕೊಂಡ. ಒಂದು ಸಲ ಕೋಣೆಯ ಕಡೆ ತಿರುಗಿ, ಗೊರಕೆಯನ್ನು ಆಲಿಸಿದ. ಬೆರಳತುದಿಯಲ್ಲಿ ಹೊಸ್ತಿಲು ದಾಟಿ, ಚಿಲಕ ಸದ್ದಾಗದಂತೆ ಹೆಬ್ಬೆರಳಿನಲ್ಲಿ ಒತ್ತಿಹಿಡಿದು, ಬಾಗಿಲನ್ನು ಮೆಲ್ಲಗೆ ಹಾಕಿಕೊಂಡು ಹೋದ.

ಚಪ್ಪಲಿಯ ಸದ್ದು ಬೀದಿಯ ತಿರುವಿನವರೆಗೂ ಕೇಳಲಿಲ್ಲ. ಅದು ಕೇಳುವವರೆಗೂ ಕಂಡಕ್ಟರ್ ಗೊರ ಗೊರ ಎನ್ನುತ್ತಲೇ ಇದ್ದ.